ಉಪ್ಪಾಗೆಯ ಹುಳಿ, ಬೊಜ್ಜಿನ ಮಾತ್ರೆ

ಇವತ್ತು ಯಾವ ಪಕ್ಷದ ಸುದ್ದಿಯೂ ಅಲ್ಲ. ಇವತ್ತಿನದು ಬೊಜ್ಜಿನ ಸುದ್ದಿ.

ಕಳೆದ ವಾರ ಊರಿಗೆ ಹೋಗಿದ್ದೆ. ಪಕ್ಕದ ಮನೆಯ ಅತ್ತೆ ಸೊರಗಿ ಹೋಗಿದ್ದರು. ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಎರಡು ತಿಂಗಳಾಯ್ತಂತೆ. ಬದಲಿಗೆ ತೂಕವನ್ನೂ ಸಕ್ಕರೆಯನ್ನೂ ಒಟ್ಟಿಗೆ ಇಳಿಸುವ 'ಗಿಡಮೂಲಿಕೆ' ಡಬ್ಬಿ. "ಯಾರು ಹೇಳಿದ್ದು ಅತ್ತೆ?" ಅಂದೆ. "ನಿಮ್ಮ ಟೀವಿಯಲ್ಲೇ ಬಂತಲ್ಲೋ, ಬೆಳಗ್ಗೆ ಬೆಳಗ್ಗೆ!" ಅಂದರು. ನನ್ನ ಬಾಯಿ ಕಟ್ಟಿತು.

ಡಬ್ಬಿ ತಿರುಗಿಸಿ ಓದಿದೆ. ಗಾರ್ಸಿನಿಯಾ ಕಾಂಬೋಜಿಯಾ. ಹೆಸರು ಕೇಳಿದರೆ ವಿದೇಶದ್ದು ಅನಿಸುತ್ತೆ. ಅಲ್ಲ ಸ್ವಾಮಿ, ಅದು ನಮ್ಮ ಶಿರಸಿ, ಸಿದ್ದಾಪುರದ ಕಾಡಿನ ಉಪ್ಪಾಗೆ! ಮಳೆಗಾಲದಲ್ಲಿ ಹಣ್ಣು ಆರಿಸಿ ತಂದು, ಸಿಪ್ಪೆಯನ್ನು ಬೆಂಕಿಯ ಕಾವಿನಲ್ಲಿ ಒಣಗಿಸ್ತಾರೆ. ಬೀಜದಿಂದ ತುಪ್ಪ ತೆಗೀತಾರೆ. ಕೇರಳದವರು ಅದೇ ಸಿಪ್ಪೆಯನ್ನು ಮೀನು ಸಾರಿಗೆ ಹಾಕ್ತಾರೆ. ಅಡುಗೆಯ ಹುಳಿಯಾಗಿ ಅದರ ಮೇಲೆ ಯಾರದೂ ತಕರಾರಿಲ್ಲ.

ಹಾಗಾದರೆ ಬೊಜ್ಜಿಗೂ ಇದಕ್ಕೂ ಏನು ಸಂಬಂಧ? ಸಿಪ್ಪೆಯಲ್ಲಿ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಇದೆ. ದೇಹ ಕೊಬ್ಬು ತಯಾರಿಸುವಾಗ ಬಳಸುವ ಒಂದು ಕಿಣ್ವವನ್ನು ಅದು ತಡೆಯುತ್ತೆ. ಇಲಿಗಳಲ್ಲಿ ಫಲವೂ ಕಂಡಿತ್ತು. ಆದರೆ ನಾವು ಇಲಿಗಳಲ್ಲವಲ್ಲ! 1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ 'ಜಾಮಾ'ದಲ್ಲಿ ಮನುಷ್ಯರ ಮೇಲಿನ ಪರೀಕ್ಷೆಯ ವರದಿ ಬಂತು. 135 ಜನ, 12 ವಾರ, ಎಲ್ಲರಿಗೂ ಒಂದೇ ಪಥ್ಯ. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಆ ಆಮ್ಲ, ಇನ್ನೊಂದಕ್ಕೆ ಔಷಧಿಯೇ ಇಲ್ಲದ ಖಾಲಿ ಮಾತ್ರೆ. ಉಪ್ಪಾಗೆ ತಿಂದವರು ಇಳಿದದ್ದು ಸರಾಸರಿ 3.2 ಕಿಲೋ. ಖಾಲಿ ಮಾತ್ರೆಯವರು 4.1 ಕಿಲೋ! ಈ ಅಂತರ ಲೆಕ್ಕಕ್ಕೆ ಹಿಡಿಯುವಷ್ಟು ದೊಡ್ಡದಲ್ಲ ನಿಜ. ಆದರೆ ಉಪ್ಪಾಗೆಯಿಂದ ಹೆಚ್ಚಿನ ಲಾಭ ಸಿಗಲಿಲ್ಲ ಅನ್ನೋದು ಸ್ಪಷ್ಟ. ಮೇಲಾಗಿ, ಇಂಥ ಮಾತ್ರೆ ತಿಂದು ಲಿವರ್ ಕೆಟ್ಟ ಪ್ರಕರಣಗಳೂ ವೈದ್ಯಕೀಯ ದಾಖಲೆಗಳಲ್ಲಿವೆ. ಸಾರಿನ ಹುಳಿಯೇ ಬೇರೆ, ಸಾರ ಹಿಂಡಿ ಮಾಡಿದ ಮಾತ್ರೆಯೇ ಬೇರೆ.

ಗಿಡಮೂಲಿಕೆಯೆಲ್ಲ ಸುಳ್ಳು ಅಂತ ನಾನು ಹೇಳ್ತಿಲ್ಲ. ಅತ್ತೆ ಬಿಟ್ಟ ಮೆಟ್‌ಫಾರ್ಮಿನ್ ಮಾತ್ರೆ ಇದೆಯಲ್ಲ, ಅದರ ಕಥೆ ಶುರುವಾಗಿದ್ದೂ ಯುರೋಪಿನ ಗಲೇಗಾ ಅನ್ನೋ ಗಿಡದಿಂದಲೇ. ವ್ಯತ್ಯಾಸ ಏನು ಗೊತ್ತಾ? ಅದು ಪರೀಕ್ಷೆಗೆ ಕೂತು ಪಾಸಾಯ್ತು. ಇದು ಜಾಹೀರಾತಿನಲ್ಲಿ ಮಾತ್ರ ಪಾಸು.

ಇನ್ನು ಜಾಹೀರಾತಿನ ಮಾತು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆ ಕೆಲವು ಕಾಯಿಲೆಗಳನ್ನು ಪಟ್ಟಿ ಮಾಡಿ, ಅವನ್ನು ಗುಣಪಡಿಸ್ತೀವಿ ಅಂತ ಜಾಹೀರಾತು ಕೊಡೋದನ್ನೇ ನಿಷೇಧಿಸಿದೆ. ಆ ಪಟ್ಟಿಯಲ್ಲಿ ಬೊಜ್ಜೂ ಇದೆ, ಸಕ್ಕರೆ ಕಾಯಿಲೆಯೂ ಇದೆ. ಆದರೂ ಪ್ರಸಾರ ಆಗುತ್ತೆ. ರಾತ್ರಿ ಒಂಬತ್ತಕ್ಕೆ ಅಧಿಕಾರಸ್ಥರನ್ನು ಕಟಕಟೆಗೆ ನಿಲ್ಲಿಸುವ ನಾವು, ಬೆಳಗ್ಗೆ ಆರಕ್ಕೆ ಅದೇ ಪರದೆಯನ್ನು ಬಾಡಿಗೆಗೆ ಕೊಡ್ತೀವಿ. ಅತ್ತೆ ನಂಬಿದ್ದು ಡಬ್ಬಿಯನ್ನಲ್ಲ, ಈ ಪರದೆಯನ್ನು. ಆ ನಂಬಿಕೆಯ ಸಾಲ ನಮ್ಮ ತಲೆ ಮೇಲಿದೆ.

ಅತ್ತೆಯನ್ನು ಮರುದಿನವೇ ಡಾಕ್ಟರ ಹತ್ತಿರ ಕರಕೊಂಡು ಹೋದೆ. ನಿಮ್ಮ ಮನೆಯಲ್ಲೂ ಅಂಥ ಡಬ್ಬಿ ಇದ್ದರೆ ವೈದ್ಯರಿಗೆ ತೋರಿಸಿ. ಅವರನ್ನು ಕೇಳದೆ ಮಾತ್ರೆ ಬಿಡಬೇಡಿ. ಟೀವಿಯಲ್ಲಿ ಬಂತು ಅನ್ನೋ ಕಾರಣಕ್ಕಂತೂ ಬೇಡವೇ ಬೇಡ.