ಮಾರಿದವನಿಗೂ ಹೊಣೆಯಿದೆ



ಜನರ ಇ-ಮೇಲ್‌ಗಳನ್ನು ಕದ್ದು ಓದುವ ವ್ಯವಸ್ಥೆಯನ್ನು ಫ್ರಾನ್ಸಿನ ಅಮೆಸಿಸ್ ಕಂಪೆನಿ ಲಿಬಿಯಾದ ಗದ್ದಾಫಿ ಸರಕಾರಕ್ಕೆ ಮಾರಿತ್ತು. 2011ರಲ್ಲಿ ಟ್ರಿಪೋಲಿ ಪತನವಾದಾಗ ಆ ಬೇಹುಗಾರಿಕೆಯ ಕೇಂದ್ರ ಬಯಲಾಯಿತು. 2021ರಲ್ಲಿ ಪ್ಯಾರಿಸಿನ ನ್ಯಾಯಾಧೀಶರು ಕಂಪೆನಿಯ ಮಾಜಿ ಮುಖ್ಯಸ್ಥರ ಮೇಲೆ ಚಿತ್ರಹಿಂಸೆಗೆ ನೆರವಾದ ಆರೋಪ ಹೊರಿಸಿದರು.

“ನಾವು ಮಾರಿದ್ದಷ್ಟೇ, ಬಳಸಿದ್ದು ಅವರು” ಎಂದು ವ್ಯಾಪಾರಿ ಕೈ ತೊಳೆದುಕೊಳ್ಳಬಹುದೇ? ಕೊಳ್ಳುವವನು ಮರ್ದಕನೆಂದು ತಿಳಿದೂ ಮಾರಿದರೆ ಆ ಮರ್ದನದಲ್ಲಿ ಅವನಿಗೂ ಪಾಲಿದೆ. ಪವಿತ್ರ ಕುರ್‌ಆನ್ ಅಲ್ ಹುಜುರಾತ್ ಅಧ್ಯಾಯದ 12ನೆಯ ವಚನದಲ್ಲಿ ಗೂಢಚರ್ಯೆಯನ್ನೂ, ಅಲ್ ಮಾಇದಾದ 2ನೆಯ ವಚನದಲ್ಲಿ ಪಾಪಕ್ಕೆ ಸಹಕರಿಸುವುದನ್ನೂ ನಿಷೇಧಿಸಿದೆ.

ನಾಳೆ ಇಂಜಿನಿಯರ್‌ಗಳಾಗುವ ಮಕ್ಕಳೇ, ಸಂಬಳ ಎಷ್ಟೆಂದು ಕೇಳುವ ಮುನ್ನ ನಿಮ್ಮ ವಿದ್ಯೆ ಯಾರ ಕೈಗೆ ಆಯುಧವಾಗುತ್ತದೆಂದು ಕೇಳಿರಿ. ಅಲ್ಲಾಹನ ಮುಂದೆ ಆ ಲೆಕ್ಕವನ್ನೂ ಒಪ್ಪಿಸಬೇಕಿದೆ.