ಯಾರೂ ನೋಡದ ಕಾಯಕ

(ತಿಕೋಟಾದಲ್ಲಿ ಮಾಡಿದ ಉಪನ್ಯಾಸ)

 

ವಿಜಯಪುರದ ಸೈನಿಕ ಶಾಲೆ ಆರಂಭವಾದದ್ದು 1963ರಲ್ಲಿ. ಅದರ ಮುಂದೆ ಹಾಯ್ದು ಹೋಗುವಾಗಲೆಲ್ಲ ನನಗೆ ಕೊಡಗಿನ ಒಬ್ಬ ಯೋಧರು ನೆನಪಾಗುತ್ತಾರೆ. ಅವರು ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ.

1965ರ ಸೆಪ್ಟೆಂಬರ್ 7. ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಅವರು ಮೀಸಲು ಪೈಲಟ್. ತಂಡದಲ್ಲಿ ತೆರವಾದ ಜಾಗ ತುಂಬಿ ಹೊರಟರು. ಅಲ್ಲಿ ಶತ್ರುವಿನ ಸ್ಟಾರ್‌ಫೈಟರ್ ಎದುರಾಯಿತು. ಇವರ ಮಿಸ್ಟೇರ್ ವಿಮಾನ ಅದಕ್ಕಿಂತ ಬಹಳ ನಿಧಾನದ್ದು. ಆದರೂ ಕಾದಾಡಿ ಅದನ್ನು ಕೆಡವಿದರು, ತಾವು ಮರಳಲಿಲ್ಲ. ದಾಖಲೆಯಲ್ಲಿ ಉಳಿದದ್ದು ‘ಕಾಣೆಯಾಗಿದ್ದಾರೆ’ ಎಂಬ ಒಂದೇ ಮಾತು.

ಆ ಕಾಳಗವನ್ನು ನಮ್ಮವರು ಯಾರೂ ಕಂಡಿರಲಿಲ್ಲ. ವರ್ಷಗಳ ನಂತರ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕರು ಪಾಕಿಸ್ತಾನದ ವಾಯುಪಡೆಯ ಕುರಿತು ಬರೆದ ಪುಸ್ತಕದಿಂದ ಸತ್ಯ ಹೊರಬಿತ್ತು. 1988ರಲ್ಲಿ, ಅಂದರೆ 23 ವರ್ಷಗಳ ಬಳಿಕ, ಮರಣೋತ್ತರ ಮಹಾವೀರ ಚಕ್ರ ಬಂದಿತು.

ಬಂಧುಗಳೇ, ಯಾರೂ ನೋಡದಿದ್ದರೂ ಮಾಡುವುದೇ ಕಾಯಕ. ಅವರದನ್ನು ಅವರು ಮುಗಿಸಿದರು, ನಮ್ಮದು ಉಳಿದಿದೆ. ಕಾಣೆಯಾದ ಯೋಧನ ಮನೆಯವರು ಅಳುವಂತಿಲ್ಲ, ಕಾಯುವುದನ್ನು ಬಿಡುವಂತಿಲ್ಲ. ಆ ಮನೆಯ ಹೆಣ್ಣುಮಗಳು ಮುತ್ತೈದೆಯೋ ವಿಧವೆಯೋ ಎಂದು ಜನ ಕೇಳುತ್ತಾರೆ. ಶರಣರನ್ನು ನಂಬಿದ ಊರಿನಲ್ಲಿ ಆ ಪ್ರಶ್ನೆಯೇ ಏಳಬಾರದು. ಪದಕ ಬರುವವರೆಗೆ ಕಾಯಬೇಡಿ. ಲಗ್ನಕ್ಕೆ, ತೊಟ್ಟಿಲಿಗೆ ಆಕೆಯನ್ನು ಮೊದಲು ಕರೆಯಿರಿ, ಮುಂದಿನ ಸಾಲಿನಲ್ಲಿ ಕೂಡಿಸಿರಿ. ಯೋಧನಿಗೆ ನಾವು ಸಲ್ಲಿಸಬಹುದಾದ ದಾಸೋಹ ಅದು.