ಗುರುರಾಜ ದೇಶಪಾಂಡೆ: ಅಧ್ಯಕ್ಷಪೀಠದ ತಾಳ್ಮೆ



ಟ್ರಂಕ್ ಕರೆಗಾಗಿ ಜನ ಅಂಚೆ ಕಚೇರಿಯ ಜಗಲಿಯಲ್ಲಿ ಹೊತ್ತುಗಟ್ಟಲೆ ಕಾದಿರುತ್ತಿದ್ದ ಕಾಲದಲ್ಲಿ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ನಿಷ್ಠೆಯಿಂದ ದುಡಿದ ಹಿರಿಯರೊಬ್ಬರ ಸ್ಮರಣೆಯ ಈ ದತ್ತಿ ಉಪನ್ಯಾಸದಲ್ಲಿ ಮಾತನಾಡುವ ಅವಕಾಶ ಲಭಿಸಿದುದು ನನ್ನ ಭಾಗ್ಯವೆಂದು ಭಾವಿಸುತ್ತೇನೆ.

ದೂರಸಂಪರ್ಕ ಉದ್ಯಮಿ ಗುರುರಾಜ ದೇಶಪಾಂಡೆಯವರ ಜೀವನವೃತ್ತಾಂತ ಸುಲಭವಾಗಿ ದೊರೆಯುವುದರಿಂದ ಅದನ್ನು ವಿಸ್ತರಿಸಲಾರೆ. 1950ರಲ್ಲಿ ಹುಬ್ಬಳ್ಳಿಯಲ್ಲಿ ಜನನ. ಮದರಾಸಿನ ಐಐಟಿಯಲ್ಲಿ ವ್ಯಾಸಂಗ, ಕೆನಡಾದಲ್ಲಿ ಡಾಕ್ಟರೇಟ್. 1990ರಲ್ಲಿ ಅಮೆರಿಕದಲ್ಲಿ ಕ್ಯಾಸ್ಕೇಡ್ ಕಮ್ಯುನಿಕೇಷನ್ಸ್ ಸ್ಥಾಪನೆ, 1997ರಲ್ಲಿ ಸುಮಾರು 370 ಕೋಟಿ ಡಾಲರಿಗೆ ಅದು ಅಸೆಂಡ್ ಸಂಸ್ಥೆಯ ಪಾಲು.

ವಿವಾದವಿರುವುದು ಅನಂತರದ ಅಧ್ಯಾಯದಲ್ಲಿ. 1998ರಲ್ಲಿ ಅವರು ಸಹಸ್ಥಾಪಕರಾಗಿ ಆರಂಭಿಸಿದ ಸಿಕಮೋರ್ ನೆಟ್‌ವರ್ಕ್ಸ್‌ನ ಷೇರು 1999ರ ಅಕ್ಟೋಬರಿನಲ್ಲಿ 38 ಡಾಲರಿಗೆ ಮಾರುಕಟ್ಟೆಗೆ ಬಂದು, ಮೊದಲ ದಿನವೇ 184.75ಕ್ಕೆ ಏರಿ, ಮುಂದೆ ದೂರಸಂಪರ್ಕೋದ್ಯಮವೇ ಕುಸಿದಾಗ ತಾನೂ ಕುಸಿದು, 2013ರಲ್ಲಿ ಕಂಪನಿ ವಿಸರ್ಜನೆಗೊಂಡಿತು. ಆ ಏರಿಕೆಯೇ ಅವರ ಸಿದ್ಧಿಯೆನ್ನುವವರೂ ಆ ಇಳಿತವೇ ಅವರ ಸೋಲೆನ್ನುವವರೂ ಷೇರಿನ ದರವೊಂದರಿಂದಲೇ ಮನುಷ್ಯನನ್ನು ಅಳೆಯುತ್ತಾರೆಂಬುದು ನನ್ನ ಆಕ್ಷೇಪಣೆ. ಕಂಪನಿಯ ಅಧ್ಯಕ್ಷನಾದವನು ಫಲ ಕಾಣದ ವರ್ಷಗಳಲ್ಲಿ ಯಾವುದನ್ನು ಪೋಷಿಸಿದನೆಂಬುದನ್ನು ನೋಡಬೇಕು.

2000ದಲ್ಲಿ ಸಂಜಯ ನಾಯಕ, ಕುಮಾರ್ ಶಿವರಾಜನ್, ಅರ್ನಾಬ್ ರಾಯ್ ಇವರು ಬೆಂಗಳೂರಿನಲ್ಲಿ ತೇಜಸ್ ನೆಟ್‌ವರ್ಕ್ಸ್ ಕಟ್ಟಹೊರಟಾಗ ದೇಶಪಾಂಡೆಯವರು ಬಂಡವಾಳವನ್ನಿತ್ತು ಅಧ್ಯಕ್ಷರಾದರು. ಬೆಳಕಿನ ತಂತುಗಳ ಮೂಲಕ ಮಾತನ್ನೂ ಮಾಹಿತಿಯನ್ನೂ ಸಾಗಿಸುವ ಯಂತ್ರಗಳನ್ನು ಭಾರತದಲ್ಲಿಯೇ ವಿನ್ಯಾಸಗೊಳಿಸುವ ಆ ಸಂಸ್ಥೆ ಷೇರುಪೇಟೆಯನ್ನು ಪ್ರವೇಶಿಸಿದ್ದು 2017ರಲ್ಲಿ. ಅಡಿಕೆ ಸಸಿ ನೆಟ್ಟು ಐದಾರು ವರ್ಷ ಫಸಲಿಗೆ ಕಾಯಬಲ್ಲ ನಮ್ಮ ಕೃಷಿಕರಿಗೂ ಈ ಹದಿನೇಳು ವರ್ಷ ದೀರ್ಘವೆನಿಸೀತು.

ಇಲ್ಲಿ ದೇಶೀಯ ಯಂತ್ರಗಳೇ ಬೇಕೆಂಬ ನಿಲುವಿನ ವಿರುದ್ಧದ ಪ್ರಬಲ ವಾದವೊಂದನ್ನು ಎದುರಿಸಲೇಬೇಕು. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಬಳ್ಳಕದಲ್ಲಿ ರಸ್ತೆಬದಿಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳ ತಲೆಯ ಮೇಲೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ತಾವೆಲ್ಲ ಕಂಡಿದ್ದೀರಿ. ಸಿಗ್ನಲ್ ದೊರೆಯುತ್ತಿದ್ದುದು ಆ ತಾಣದಲ್ಲಿ ಮಾತ್ರ. ಅದಕ್ಕೆ ಹಿಂದಿನ ವರ್ಷವಷ್ಟೇ ಬಿಎಸ್‌ಎನ್‌ಎಲ್ ತನ್ನ 4ಜಿ ಟೆಂಡರನ್ನು ರದ್ದುಗೊಳಿಸಿತ್ತು. ಮುಂದೆ ದೇಶೀಯ ಯಂತ್ರಗಳೇ ಬೇಕೆಂದಾಯಿತು. ಸ್ವದೇಶಿಯ ಹಠಕ್ಕೆ ಬಳ್ಳಕದಂಥ ಹಳ್ಳಿಗಳೇ ದಂಡ ತೆತ್ತುವೆಂದು ಕೆಲ ತಜ್ಞರು ಹೇಳುತ್ತಾರೆ. ವಿಳಂಬವಾದುದು ನಿಜ, ಅದರ ನೋವೂ ನಿಜ. ಆದರೆ ಕಾರಣವನ್ನು ಅವರು ಹುಡುಕುವ ಸ್ಥಳ ತಪ್ಪು. ಈ ದೇಶದಲ್ಲಿ ವಿನ್ಯಾಸಕರಿದ್ದರು, ಅವರ ಬೆನ್ನಿಗೆ ನಿಂತ ಬಂಡವಾಳವಿತ್ತು. ಇಲ್ಲದಿದ್ದುದು ಮೊಬೈಲ್ ಗೋಪುರದ ರೇಡಿಯೊ ಯಂತ್ರಗಳನ್ನು ಇಲ್ಲಿಯೇ ತಯಾರಿಸಿರೆಂದು ಸಕಾಲದಲ್ಲಿ ಹೇಳುವ ಗ್ರಾಹಕ. ಅಗ್ಗವೆಂದು ಆಮದನ್ನೇ ನೆಚ್ಚಿದ ಖರೀದಿನೀತಿಯೇ ಆ ವಿಳಂಬದ ಬೇರು.

2023ರಲ್ಲಿ ಬಿಎಸ್‌ಎನ್‌ಎಲ್‌ನ ಒಂದು ಲಕ್ಷ ಗೋಪುರತಾಣಗಳಿಗೆ ಯಂತ್ರ ಪೂರೈಸುವ 7,492 ಕೋಟಿ ರೂಪಾಯಿಯ ಕಾರ್ಯಾದೇಶ ಟಿಸಿಎಸ್ ಮೂಲಕ ತೇಜಸ್‌ಗೇ ದೊರೆಯಿತು. ಸಂಸ್ಥೆ ಅಷ್ಟರಲ್ಲಿ ಟಾಟಾ ಸಮೂಹದ ವಶವಾಗಿತ್ತಾದರೂ, ಆ ಆದೇಶವನ್ನು ಹೊರಬಲ್ಲ ವಿನ್ಯಾಸಶಕ್ತಿಗೆ 2000ದಿಂದ ನೀರೆರೆದವರಲ್ಲಿ ದೇಶಪಾಂಡೆಯವರೂ ಒಬ್ಬರು. ಅವರ ವೃತ್ತಿಜೀವನದ ಲೆಕ್ಕವನ್ನು ಸಿಕಮೋರಿನ ದರಪಟ್ಟಿಯಲ್ಲಿಯೇ ಮುಗಿಸುವವರು ಈ ಆದೇಶಪತ್ರವನ್ನೂ ಓದಲೇಬೇಕು.